ಲ್ಯಾಮಿನೇಶನ್ ಮಾಡಿಸಿದ ನಾರ್ಮಲ್

ನಿವೃತ್ತಿಯ ದಿನ ನನಗೆ ಒಂದು ಶಾಲು, ಒಂದು ಹಣ್ಣಿನ ಬುಟ್ಟಿ ಮತ್ತು ಮೂರು ಭಾಷಣ ಸಿಕ್ಕಿದವು. ಶಾಲು ಕಪಾಟಿನಲ್ಲಿದೆ. ಹಣ್ಣು ನೆರೆಮನೆಯ ಮಕ್ಕಳ ಹೊಟ್ಟೆ ಸೇರಿತು. ಭಾಷಣಗಳನ್ನು ಎಲ್ಲಿಡುವುದೆಂದು ಮಾತ್ರ ತಿಳಿಯಲಿಲ್ಲ. ಅವುಗಳ ಪ್ರಕಾರ ನಾನು ಮೂವತ್ತನಾಲ್ಕು ವರ್ಷದಲ್ಲಿ ಒಂದೇ ಒಂದು ತಪ್ಪು ಮಾಡಿದವಳಲ್ಲ, ಯಾರ ಮೇಲೂ ಸಿಟ್ಟಾದವಳಲ್ಲ, ತಾಯಂದಿರ ಪಾಲಿನ ದೇವತೆ. ಹೊಸದಾಗಿ ಸೇರಿದ ನಾಲ್ಕು ಹುಡುಗಿಯರು ಮುಂದಿನ ಸಾಲಿನಲ್ಲಿ ಕುಳಿತು ಇದನ್ನೆಲ್ಲ ನಂಬಿ ಚಪ್ಪಾಳೆ ತಟ್ಟುತ್ತಿದ್ದರು. ನನಗೆ ಪಾಪ ಎನಿಸಿತು. ನಾಳೆ ಇವರೂ ತಪ್ಪು ಮಾಡುತ್ತಾರೆ, ಲೋಕದಲ್ಲಿ ತಾವೊಬ್ಬರೇ ಮಾಡಿದ್ದೆಂದು ತಿಳಿದು ಸ್ಟೋರ್ ರೂಮಿನಲ್ಲಿ ಕುಳಿತು ಅಳುತ್ತಾರೆ. ಅವರಿಗಾಗಿ ನನ್ನ ತಪ್ಪುಗಳನ್ನು ಬರೆದಿಡುತ್ತಿದ್ದೇನೆ. ಎಲ್ಲವನ್ನೂ ಬರೆಯಲು ಹೊರಟರೆ ಎರಡು ಸಂಪುಟ ಬೇಕಾಗುತ್ತದೆ. ಹಾಗಾಗಿ ಒಂದೇ ಒಂದು ಶಬ್ದಕ್ಕೆ ಸೇರಿದ್ದನ್ನು ಹೇಳುತ್ತೇನೆ. ಆ ಶಬ್ದ 'ನಾರ್ಮಲ್'.

ನನ್ನ ಹೆಸರು ವನಜಾಕ್ಷಿ, ಮನೆ ಕಲ್ಯಾಣಪುರ. ಕೆಲಸ ಮಾಡಿದ್ದು ಆರೋಗ್ಯ ಉಪಕೇಂದ್ರಗಳಲ್ಲಿ. ಬಸುರಿಯರ ತೂಕ ನೋಡುವುದು, ಬಿ.ಪಿ. ನೋಡುವುದು, ಮಕ್ಕಳಿಗೆ ಚುಚ್ಚುಮದ್ದು ಹಾಕುವುದು, ಆಮೇಲೆ ಇದನ್ನೆಲ್ಲ ಮಾಡಿದ್ದೇನೆಂದು ಬರೆಯುವುದು. ಕೊನೆಯದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಸರ್ಕಾರ ನಮ್ಮ ಹುದ್ದೆಗೆ ಆಗಾಗ ಹೊಸ ಹೆಸರಿಟ್ಟಿತು, ಪ್ರತಿ ಹೆಸರೂ ಹಿಂದಿನದಕ್ಕಿಂತ ಉದ್ದ. ಜನ ಮಾತ್ರ ಮೊದಲಿನಿಂದ ಕೊನೆಯವರೆಗೂ 'ಸಿಸ್ಟರ್' ಎಂದೇ ಕರೆದರು. ಮಕ್ಕಳು 'ಸೂಜಿ ಬಂತು' ಎಂದು ಹಿತ್ತಲಿಗೆ ಓಡುತ್ತಿದ್ದರು.

ಮೊದಲು ಹಾಕಿದ್ದು ಕಾರ್ಕಳದ ಪಕ್ಕದ ಕುಕ್ಕುಂದೂರಿಗೆ. ಆಗಿನದು ಪಾದರಸದ ಬಿ.ಪಿ. ಯಂತ್ರ, ಉದ್ದನೆಯ ಪೆಟ್ಟಿಗೆ, ಸಣ್ಣದೊಂದು ಕಲ್ಲಿನಷ್ಟು ಭಾರ. ಅದನ್ನು ತೊಡೆಯ ಮೇಲಿಟ್ಟು ಬಸ್ಸಿನಲ್ಲಿ ಕುಳಿತರೆ 'ನೀವು ಯಕ್ಷಗಾನ ಮೇಳದವರಾ?' ಎಂದು ಕೇಳುವವರಿದ್ದರು. ಒಂದು ದಿನ ಕಾರ್ಕಳ ನಿಲ್ದಾಣದಲ್ಲಿ ಬಸ್ಸಿನ ಡ್ರೈವರನಿಗೆ ಪೆಟ್ಟಿಗೆಯಲ್ಲಿ ಎಂತ ಉಂಟೆಂದು ಗೊತ್ತಾಯಿತು. 'ನನ್ನದೂ ನೋಡಿ ಸಿಸ್ಟರ್, ಇನ್ನೂ ನಾಲ್ಕು ನಿಮಿಷ ಉಂಟು' ಎಂದು ತೋಳು ಚಾಚಿದ. ನಾನು ಪಟ್ಟಿ ಕಟ್ಟಿ, ಸ್ಟೆತಸ್ಕೋಪ್ ಕಿವಿಗಿಟ್ಟು, ಗಾಳಿ ತುಂಬಿಸುವ ಹೊತ್ತಿಗೆ ಹಿಂದಿನಿಂದ ಅವನ ಎದುರಾಳಿ ಬಸ್ಸು ಹಾರ್ನ್ ಹೊಡೆಯುತ್ತಾ ಬಂತು. ನಮ್ಮ ಕಡೆಯ ಖಾಸಗಿ ಬಸ್ಸಿನವರಿಗೆ ಟೈಮಿಂಗ್ ಎಂದರೆ ಪ್ರಾಣ.

'ಎಷ್ಟುಂಟು?'

'ನೂರ ಎಪ್ಪತ್ತು. ಇದು ಜಾಸ್ತಿ, ನೀವು...'

'ಅದು ನನ್ನದಲ್ಲ ಸಿಸ್ಟರ್, ಹಿಂದಿನ ಬಸ್ಸಿನವನದ್ದು' ಎನ್ನುತ್ತಾ ತೋಳಿನ ಪಟ್ಟಿ ಸಮೇತ ಗೇರು ಹಾಕಿದ. ಕುಕ್ಕುಂದೂರು ತಲುಪುವವರೆಗೆ ನಾನು ಇಂಜಿನ್ ಪೆಟ್ಟಿಗೆಯ ಮೇಲೆ ಯಂತ್ರ ಹಿಡಿದು ಕುಳಿತಿದ್ದೆ. ಅವನು ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ನಾನೂ ತಿರುಗಬೇಕಾಗಿತ್ತು.

ಬಸುರಿಯರ ಬಿ.ಪಿ.ಯ ಕಥೆಯೂ ಇದೇ. ಹೆಚ್ಚಾಗಿದೆ ಎಂದರೆ 'ಅದು ನನ್ನದಲ್ಲ ಸಿಸ್ಟರ್, ಬಸುರಿಂದು' ಎನ್ನುವರು. ನಾವೂ ಹಾಗೇ ಕಲಿತವರು. ಹೆರಿಗೆಯಾದರೆ ಬಿ.ಪಿ. ಹೋಗುತ್ತದೆ, ಶುಗರ್ ಹೋಗುತ್ತದೆ ಎಂದು ನಮಗೆ ಕಲಿಸಿದ್ದರು. ಎಲ್ಲಿಗೆ ಹೋಗುತ್ತದೆ ಎಂದು ತರಗತಿಯಲ್ಲಿ ಯಾರೂ ಕೇಳಲಿಲ್ಲ, ನಾನಂತೂ ಕೇಳಲಿಲ್ಲ.

ಮೇಲಧಿಕಾರಿಗಳ ಬಗ್ಗೆ ಒಂದು ಮಾತು ಹೇಳದಿದ್ದರೆ ಈ ಬರಹ ಪೂರ್ತಿಯಾಗುವುದಿಲ್ಲ. ನನ್ನ ಕೆಲಸ ತಪಾಸಣೆ ಮಾಡಲು ಬರುತ್ತಿದ್ದವರು ಸರೋಜಿನಿ ಮೇಡಂ. ಕೆಟ್ಟವರಲ್ಲ, ಬರುವಾಗ ನಮಗೆಲ್ಲ ಚಕ್ಕುಲಿ ತರುತ್ತಿದ್ದರು. ಆದರೆ ಅವರಿಗೆ ರಿಜಿಸ್ಟರಿನಲ್ಲಿ ಖಾಲಿ ಜಾಗ ಕಂಡರೆ ಮೈಯೆಲ್ಲ ತುರಿಕೆ, ಜಾಗ ಮೀರಿ ಬರೆದದ್ದು ಕಂಡರೆ ಇನ್ನೂ ಹೆಚ್ಚು. ಹೆರಿಗೆಯ ಫಲಿತಾಂಶಕ್ಕೆ ಇದ್ದ ಕಾಲಂ ಹೆಬ್ಬೆರಳಿನಷ್ಟು ಅಗಲ. ಸೇರಿದ ಹೊಸತರಲ್ಲಿ ನಾನು ಒಬ್ಬಳ ಬಗ್ಗೆ 'ಹೆರಿಗೆ ಸಹಜ, ಆದರೆ ಬಿ.ಪಿ. ಹೆಚ್ಚಿತ್ತು, ಮಗು ಸಣ್ಣದು, ಕಾಲು ಊದಿದ್ದು ಇನ್ನೂ ಇಳಿದಿಲ್ಲ' ಎಂದು ಬರೆದೆ. ಬರಹ ಕೆಳಗಿನ ಮೂರು ಸಾಲಿಗೆ ಇಳಿದು, ಲೆಕ್ಕ ಮಾಡಿದವರಿಗೆ ಆ ತಿಂಗಳು ಕುಕ್ಕುಂದೂರಿನಲ್ಲಿ ನಾಲ್ವರಿಗೆ ಕಾಲು ಊದಿ ಒಂದೇ ಮಗು ಹುಟ್ಟಿದ ಹಾಗೆ ಕಂಡಿತು.

ಮೇಡಂ ಕೆಂಪು ಪೆನ್ನು ತೆಗೆದರು. 'ಇದೆಂತ ವನಜಾಕ್ಷಿ, ರಿಜಿಸ್ಟರಾ ಕಾದಂಬರಿಯಾ? ತಾಯಿ ಇದ್ದಾಳಾ?'

'ಇದ್ದಾಳೆ ಮೇಡಂ.'

'ಮಗು ಉಂಟಾ?'

'ಉಂಟು.'

'ಹೊಟ್ಟೆ ಕೊಯ್ದರಾ?'

'ಇಲ್ಲ.'

'ಹಾಗಾದ್ರೆ ನಾರ್ಮಲ್. ಒಂದು ಶಬ್ದ. ಬರೆದು ಮನೆಗೆ ಹೋಗು.'

ಒಂದೇ ಶಬ್ದದಲ್ಲಿ ಮುಗಿಸುವ ಸೌಖ್ಯದ ರುಚಿ ಒಮ್ಮೆ ಹತ್ತಿದ ಮೇಲೆ ಬಿಡುವುದು ಕಷ್ಟ. ಆ ಒಂದು ಶಬ್ದದಿಂದ ನಾನು ದಿನವೂ ಅರ್ಧ ಗಂಟೆ ಮೊದಲು ಮನೆಗೆ ಹೋಗತೊಡಗಿದೆ.

ಕೆಲವು ವರ್ಷಗಳ ಮೇಲೆ ಕಾಪುವಿನ ಕಡೆ ವರ್ಗವಾಯಿತು. ಅಲ್ಲಿ ಕಡಲಿಗೆ ಹತ್ತಿರದ ಒಂದು ಮನೆಯಲ್ಲಿ ಖತೀಜಮ್ಮ ಎಂಬ ಬ್ಯಾರಿ ಹೆಂಗಸು ಇದ್ದರು, ಆಗ ಅವರಿಗೆ ಐವತ್ತು ದಾಟಿತ್ತು. ಮಗ ರಝಾಕ್ ಗಲ್ಫಿನಲ್ಲಿ. ಸೊಸೆ ಜೊಹರಾಳಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ, ಚೊಚ್ಚಲ ಬಸುರಿ. ಮಾತು ಕಡಿಮೆ, ನಗು ಜಾಸ್ತಿ. ಆ ಮನೆಯಲ್ಲಿ ಮಾತೆಲ್ಲ ಅತ್ತೆಯ ಪಾಲಿಗೆ ಬಂದಿತ್ತು.

ಆಗ ಮೂತ್ರದಲ್ಲಿ ಸಕ್ಕರೆ ಉಂಟೋ ಇಲ್ಲವೋ ನೋಡಲು ಒಂದು ನೀಲಿ ದ್ರಾವಣದಲ್ಲಿ ಹಾಕಿ ಕಾಯಿಸುತ್ತಿದ್ದೆವು. ನೀಲಿಯಾಗಿಯೇ ಉಳಿದರೆ ಸಮಾಧಾನ, ಇಟ್ಟಿಗೆ ಬಣ್ಣಕ್ಕೆ ತಿರುಗಿದರೆ ಸಕ್ಕರೆ ವಿಪರೀತ. ಶುದ್ಧವಾದ ಬಾಟ್ಲಿಯಲ್ಲಿ ತನ್ನಿ ಎಂದು ಹೇಳಿದ್ದೆ. ಜೊಹರಾಳ ಬಾಟ್ಲಿ ಬಹಳ ಚಂದ ಇತ್ತು, ದಪ್ಪ ಗಾಜು, ಬಂಗಾರ ಬಣ್ಣದ ಮುಚ್ಚಳ. ಕಾಯಿಸಿದೆ. ಇಟ್ಟಿಗೆಯಲ್ಲ, ಹೊಸ ಮಂಗಳೂರು ಹೆಂಚಿನ ಬಣ್ಣ ಬಂತು. ಸೀದಾ ಅವರ ಮನೆಗೆ ಓಡಿ, ಅನ್ನ ಬಿಡಿ, ಸಿಹಿ ಬಿಡಿ, ಹಣ್ಣು ಬಿಡಿ ಎಂದು ಕೈಗೆ ಸಿಕ್ಕಿದ್ದನ್ನೆಲ್ಲ ಬಿಡಿಸಿದೆ. ಹುಡುಗಿ ಮೂರು ದಿನ ಬೇಯಿಸಿದ ಬೆಂಡೆಕಾಯಿ ತಿಂದು ಅತ್ತಳು. ರಝಾಕ್ ಗಲ್ಫಿನಿಂದ ಫೋನು ಮಾಡಿ 'ನಾನು ಕೆಲಸ ಬಿಟ್ಟು ಬರ್ಬೇಕಾ ಸಿಸ್ಟರ್?' ಎಂದು ಕೇಳಿದ.

ನಾಲ್ಕನೇ ದಿನ ನಮ್ಮ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಸಕ್ಕರೆಯ ಸುಳಿವೇ ಇಲ್ಲ. 'ಬಾಟ್ಲಿ ಯಾವುದು?' ಎಂದು ಕೇಳಿದರು. ತಂದು ಮೂಸಿದರು. ನನಗೂ ಮೂಸಲು ಕೊಟ್ಟರು. ಜೇನು.

'ಗಲ್ಫಿಂದು, ಅಸಲು ಜೇನು' ಎಂದರು ಖತೀಜಮ್ಮ ಹೆಮ್ಮೆಯಿಂದ. 'ಸರ್ಕಾರಕ್ಕೆ ಕೊಡುವಾಗ ಒಳ್ಳೆ ಬಾಟ್ಲಿಯಲ್ಲಿ ಕೊಡ್ಬೇಕಲ್ವಾ? ತಳದಲ್ಲಿ ಸ್ವಲ್ಪ ಇತ್ತು. ತೊಳೆದು ಚೆಲ್ಲಲಿಕ್ಕೆ ಮನಸ್ಸು ಬರ್ಲಿಲ್ಲ.'

ಕಾಪು ಪೇಟೆಯಲ್ಲಿ ಆರು ತಿಂಗಳು ನನ್ನ ಹೆಸರು 'ಜೇನು ಸಿಸ್ಟರ್'. ಮೀನಿನ ಅಂಗಡಿಯವನೂ ಹಾಗೆಯೇ ಕರೆದ. ನನ್ನ ಮರ್ಯಾದೆ ಹೋದದ್ದು ದೊಡ್ಡ ವಿಷಯವಲ್ಲ, ಆ ಮನೆಯಲ್ಲಿ ನನ್ನ ಮಾತಿನ ಬೆಲೆ ಹೋಯಿತು. ಎಂಟನೇ ತಿಂಗಳಿನಲ್ಲಿ ಜೊಹರಾಳ ಬಿ.ಪಿ. ನೂರ ಅರವತ್ತು, ನೂರ ಹತ್ತು ತೋರಿಸಿದಾಗ ಖತೀಜಮ್ಮ ಮೊದಲು ಯಂತ್ರವನ್ನೇ ಮೂಸಿ ನೋಡಿದರು.

ಜೊಹರಾಳ ಬೆರಳಿನಲ್ಲಿ ಉಂಗುರ ಸಿಕ್ಕಿಹಾಕಿಕೊಂಡಿತ್ತು. ಮುಖ ಊದಿತ್ತು. 'ತಲೆ ಒಡೆದು ಹೋಗ್ತದೆ ಸಿಸ್ಟರ್, ಕಣ್ಣೆದುರು ಮಿಂಚಿದ ಹಾಗೆ ಆಗ್ತದೆ' ಎಂದಳು. 'ಊದಿದ್ರೆ ಗಂಡು ಮಗು' ಎಂದರು ಅತ್ತೆ. ಮೂರು ಸಲ ನೋಡಿದೆ, ಮೂರು ಸಲವೂ ಅಷ್ಟೇ. ಈಗಲೇ ಮಣಿಪಾಲಕ್ಕೆ ಹೊರಡಬೇಕೆಂದೆ. ನೆರೆಮನೆಯ ವ್ಯಾನು ಬಂದು ನಿಂತಿತು. ಖತೀಜಮ್ಮ ಒಲೆಯ ಮೇಲೆ ಮೀನಿನ ಸಾರು ಇಟ್ಟಿದ್ದರು, ಒಂದು ಕುದಿ ಬಂದ ಮೇಲೆ ಹೊರಡುವ ಎಂದರು. ನಾನು ಒಳಗೆ ಹೋಗಿ ಒಲೆ ಆರಿಸಿದೆ. ಆ ಸಾರಿನ ವಿಷಯ ಅವರು ಇವತ್ತಿಗೂ ಕ್ಷಮಿಸಿಲ್ಲ.

ಹೆಣ್ಣು ಮಗು ಹುಟ್ಟಿತು, ತಿಂಗಳು ತುಂಬುವ ಮೊದಲು, ಸಣ್ಣದು, ಆದರೆ ಗಟ್ಟಿ ಸ್ವರ. ಆಪರೇಶನ್ ಆಗಲಿಲ್ಲ. ಜೊಹರಾಳಿಗೆ ನಾಲ್ಕು ದಿನ ಔಷಧಿ ಕೊಟ್ಟು ಬಿ.ಪಿ. ಇಳಿಸಿ ಮನೆಗೆ ಕಳಿಸಿದರು. ನಾನು ನೋಡಲು ಹೋದಾಗ ಖತೀಜಮ್ಮ ಅಂಗಳಕ್ಕೇ ಬಂದು 'ನಾರ್ಮಲ್, ಸಿಸ್ಟರ್, ನಾರ್ಮಲ್!' ಎಂದು ಕೂಗಿದರು. ನಮ್ಮೂರಿನಲ್ಲಿ ಆ ಶಬ್ದಕ್ಕೆ ಇರುವುದು ಒಂದೇ ಅರ್ಥ, ಹೊಟ್ಟೆ ಕೊಯ್ಯಲಿಲ್ಲ ಎಂದು. ಮಿಕ್ಕಿದ್ದೆಲ್ಲ ಆ ಅರ್ಥದ ಹಿಂದೆ ಅಡಗಿ ಕೂರುತ್ತದೆ.

'ಕಾರ್ಡಿನಲ್ಲಿ ದೊಡ್ಡದಾಗಿ ಬರೆಯಿರಿ. ಮಗನಿಗೆ ಫೋಟೋ ತೆಗೆದು ಕಳಿಸ್ಬೇಕು.'

ಬಸುರಿಯರಿಗೆ ಕೊಡುವ ಕಾರ್ಡಿನ ಹೊರಪುಟದಲ್ಲಿ ನಾನು ಕೆಂಪು ಶಾಯಿಯಲ್ಲಿ, ದುಂಡಗೆ, ಎರಡು ಗೆರೆ ಎಳೆದು 'ನಾರ್ಮಲ್' ಎಂದು ಬರೆದೆ. ನನ್ನ ಅಕ್ಷರ ಚಂದ ಎಂದು ಶಾಲೆಯಲ್ಲಿ ಬಹುಮಾನ ಬಂದದ್ದುಂಟು. ಖತೀಜಮ್ಮ ಮರುದಿನವೇ ಪೇಟೆಗೆ ಹೋಗಿ ಅದನ್ನು ಲ್ಯಾಮಿನೇಶನ್ ಮಾಡಿಸಿದರು. ಮಡಚಿದ ಕಾರ್ಡನ್ನು ಮಡಚಿದ ಹಾಗೆಯೇ ಮಾಡಿಸಿದರು. ಒಳಗಿನ ಪುಟಗಳಲ್ಲಿ ನಾನು ತಿಂಗಳು ತಿಂಗಳು ಬರೆದ ಬಿ.ಪಿ., ಊತ, ತಲೆನೋವು ಎಲ್ಲ ಪ್ಲಾಸ್ಟಿಕ್ಕಿನೊಳಗೆ ಸೇರಿಹೋಯಿತು. ಹೊರಗೆ ಉಳಿದದ್ದು ಜೊಹರಾಳ ಹೆಸರು ಮತ್ತು ನನ್ನ ಕೆಂಪು ನಾರ್ಮಲ್. ನಾನು ಅದನ್ನು ನೋಡಿ ನಕ್ಕೆ, ಊರಿಗೆಲ್ಲ ಹೇಳಿ ನಗಿಸಿದೆ. ಅದರಾಚೆಗೆ ಯೋಚಿಸಲಿಲ್ಲ.

ಎರಡನೇ ಬಸುರಿನಲ್ಲಿ ಜೊಹರಾಳಿಗೆ ನಿಜವಾಗಿಯೂ ಶುಗರ್ ಬಂತು. ಹೇಳಲು ಹೋದೆ.

'ಬಾಟ್ಲಿ ಯಾವುದು ಸಿಸ್ಟರೇ?' ಎಂದರು ಖತೀಜಮ್ಮ.

'ಬಾಟ್ಲಿ ಇಲ್ಲ ಮಾರಾಯ್ರೆ, ಇದು ರಕ್ತದ್ದು.'

'ರಕ್ತ ಯಾವುದರಲ್ಲಿ ಹಾಕಿದ್ರಿ?'

ಹೇಗೋ ಜೊಹರಾ ತಾನೇ ಅನ್ನ ಕಡಿಮೆ ಮಾಡಿ, ಕಡಲ ಬದಿಯಲ್ಲಿ ನಡೆದು, ಒಂದು ಗಂಡು ಮಗು ಹೆತ್ತಳು. ಮತ್ತೆ ನಾರ್ಮಲ್. ಒಂದೂವರೆ ತಿಂಗಳು ಕಳೆದ ಮೇಲೆ ಮತ್ತೊಮ್ಮೆ ಶುಗರ್ ನೋಡಿಸಲು ಡಾಕ್ಟರು ಹೇಳಿದ್ದರು. ಅದನ್ನು ನೆನಪಿಸಲೆಂದೇ ನಾನು ಆ ಮನೆಗೆ ಹೋದೆ. ಖತೀಜಮ್ಮ ಬಾಣಂತಿಗೆಂದು ಲೇಹ್ಯ ಮಾಡಿದ್ದರು. ಮೆಂತೆ, ಓಲೆಬೆಲ್ಲ, ತೆಂಗಿನಹಾಲು, ತುಪ್ಪ ಹಾಕಿ ಕೈ ಸೋಲುವವರೆಗೆ ಮಗುಚಿದ್ದು. ಒಂದು ಬಟ್ಟಲು ನನ್ನ ಕೈಗಿಟ್ಟರು. ನಾನು ತಿಂದೆ. ಇನ್ನೊಂದು ಬಟ್ಟಲು ತಿಂದೆ. ಮನೆಗೆ ಒಂದು ಡಬ್ಬಿ ಕಟ್ಟಿಸಿಕೊಂಡೆ. ರಸ್ತೆಗೆ ಬಂದು ಬಸ್ಸು ಹತ್ತಿದ ಮೇಲೆ ನೆನಪಾಯಿತು, ಹೋದ ಕೆಲಸ ಆಗಲಿಲ್ಲವೆಂದು. ನಾಳೆ ಹೇಳಿದರಾಯಿತು ಎಂದುಕೊಂಡೆ. ಆ ನಾಳೆ ಬರಲೇ ಇಲ್ಲ.

ವರ್ಷಗಳು ಹೋದವು. ಸರೋಜಿನಿ ಮೇಡಂ ನಿವೃತ್ತರಾದರು, ರಿಜಿಸ್ಟರು ಹೋಗಿ ಟ್ಯಾಬ್ ಬಂತು. ಟ್ಯಾಬಿಗೂ ಖಾಲಿ ಜಾಗ ಆಗುವುದಿಲ್ಲ, ಕೆಂಪು ಗೆರೆ ತೋರಿಸಿ ಮುಂದೆ ಹೋಗಲು ಬಿಡುವುದಿಲ್ಲ. ಮೇಡಂ ಮನೆಯಲ್ಲಿದ್ದುಕೊಂಡೇ ಅದರೊಳಗೆ ಸೇರಿದ್ದಾರೆಂದು ನಾವು ನಗುತ್ತಿದ್ದೆವು. ಪಾದರಸದ ಪೆಟ್ಟಿಗೆ ಹೋಗಿ ಗುಂಡಿ ಒತ್ತಿದರೆ ತಾನೇ ಗಾಳಿ ಹಾಕಿಕೊಳ್ಳುವ ಯಂತ್ರ ಬಂತು. ಉಡುಪಿಯ ಬನ್ನಂಜೆಯಲ್ಲಿ ನಮಗೊಂದು ತರಬೇತಿ ಇಟ್ಟರು. ಬಸುರಿನಲ್ಲಿ ಬಿ.ಪಿ. ಏರಿದವಳಿಗೆ ಮುಂದೆ ಬಿ.ಪಿ.ಯೂ ಹೃದಯದ ಕಾಯಿಲೆಯೂ ಬರುವ ಸಂಭವ ಬೇರೆಯವರಿಗಿಂತ ಹೆಚ್ಚು, ಶುಗರ್ ಬಂದವಳಿಗೆ ಮುಂದೆ ಸಕ್ಕರೆ ಕಾಯಿಲೆ ಬರುವುದು ಹೆಚ್ಚು, ಮಗು ತಿಂಗಳಿಗೆ ಮೊದಲೇ ಹುಟ್ಟಿದ್ದೂ ಲೆಕ್ಕಕ್ಕೆ ಬರುತ್ತದೆ, ಇವರನ್ನೆಲ್ಲ ಬಾಣಂತನ ಮುಗಿಯಿತೆಂದು ಬಿಟ್ಟುಬಿಡದೆ ವರ್ಷ ವರ್ಷ ನೋಡಬೇಕು ಎಂದು ಹೇಳಿದರು. ನಾನು ಗೋಳಿಬಜೆ ತಿನ್ನುತ್ತಾ ಅದನ್ನು ನೋಟ್ ಪುಸ್ತಕದಲ್ಲಿ ಬರೆದುಕೊಂಡೆ. ಇದೆಲ್ಲ ಹೊಸ ಹುಡುಗಿಯರಿಗೆ ಎಂದುಕೊಂಡು ಪುಸ್ತಕ ಮುಚ್ಚಿದೆ.

ನಿವೃತ್ತಿಗೆ ಮೂರು ತಿಂಗಳಿರುವಾಗ ಕಾಪುವಿನ ಶಾಲೆಯೊಂದರ ಸಭಾಂಗಣದಲ್ಲಿ ಆರೋಗ್ಯ ಶಿಬಿರ. ಖತೀಜಮ್ಮ ಅತ್ತರು ಹಚ್ಚಿಕೊಂಡು, ಮದುವೆಗೆ ಹೊರಟವರಂತೆ ಬಂದರು. ಎಪ್ಪತ್ತು ದಾಟಿತ್ತು. 'ನನ್ನ ಹಾರ್ಟ್ ಸರಿ ಇಲ್ಲ. ಧಡಧಡ ಆಗ್ತದೆ' ಎಂದು ಸಾಲಿನಲ್ಲಿದ್ದವರಿಗೆಲ್ಲ ಹೇಳಿ ಮುಂದೆ ಬಂದರು. ಬಿ.ಪಿ. ನೋಡಿದೆ. ನೂರ ಇಪ್ಪತ್ತು, ಎಂಬತ್ತು.

'ಇನ್ನೊಮ್ಮೆ ನೋಡಿ' ಎಂದರು. ಮತ್ತೆ ಅಷ್ಟೇ. ಅವರಿಗೆ ಅವಮಾನವಾಯಿತು. 'ಈ ಯಂತ್ರ ಬಡವರಿಗೆ ಕಡಿಮೆ ತೋರಿಸ್ತದೆ' ಎಂದು ಸಾಲಿನವರಿಗೆ ತಿಳಿಸಿದರು.

ಅವರ ಹಿಂದೆ ಜೊಹರಾ ನಿಂತಿದ್ದಳು. ಅತ್ತೆಯ ಬ್ಯಾಗು, ಅತ್ತೆಯ ಕೊಡೆ, ಅತ್ತೆಯ ನೀರಿನ ಬಾಟ್ಲಿ, ಅತ್ತೆಯ ಹಳೆಯ ಚೀಟಿಗಳ ಕಟ್ಟು ಎಲ್ಲ ಅವಳ ಕೈಯಲ್ಲಿ. ಹಣೆಯಲ್ಲಿ ಬೆವರು, ಬೆನ್ನು ಗೋಡೆಗೆ. ಎಂತಾಯಿತು ಎಂದು ಕೇಳಿದೆ.

'ಗ್ಯಾಸ್ಟ್ರಿಕ್ ಸಿಸ್ಟರ್. ಹತ್ತು ದಿನ ಆಯ್ತು. ಮೆಟ್ಟಿಲು ಹತ್ತಿದ್ರೆ ಉಸಿರು ಕಟ್ತದೆ, ಬೆನ್ನು, ದವಡೆ ಎಲ್ಲ ಹಿಡಿದ ಹಾಗೆ. ಸೋಡಾ ಕುಡಿದು ಕೂತ್ರೆ ಕಡಿಮೆ ಆಗ್ತದೆ.'

'ಇವಳಿಗೆ ಎಂತದ್ದೂ ಇಲ್ಲ. ಮೀನು ಹುರಿದದ್ದು ಜಾಸ್ತಿ ತಿಂತಾಳೆ' ಎಂದರು ಖತೀಜಮ್ಮ.

ನಾನು ಜೊಹರಾಳನ್ನು ಕೈ ಹಿಡಿದು ಡಾಕ್ಟರ ಎದುರು ಕೂರಿಸಿದೆ. ಡಾ. ಪ್ರಜ್ಞಾ ಎಂದು ಹೊಸಬರು, ನನ್ನ ಮಗಳ ವಯಸ್ಸಿನವರು. ಅವರ ಪ್ರಶ್ನೆಗಳಲ್ಲಿ ನಾಲ್ಕನೆಯದು, 'ಬಸುರಿನಲ್ಲಿ ಎಂತಾದ್ರೂ ತೊಂದರೆ ಇತ್ತಾ?'

'ಇಲ್ಲ ಡಾಕ್ಟ್ರೇ. ಎರಡೂ ನಾರ್ಮಲ್.'

ಖತೀಜಮ್ಮ ಚೀಟಿಗಳ ಕಟ್ಟಿನಿಂದ ಆ ಕಾರ್ಡನ್ನು ಎಳೆದು ಮೇಜಿನ ಮೇಲಿಟ್ಟರು. ಅಷ್ಟು ವರ್ಷವಾದರೂ ಒಂದು ಕಲೆ ಇಲ್ಲ. ಕೆಂಪು ಶಾಯಿ, ದುಂಡಗಿನ ಅಕ್ಷರ, ಎರಡು ಗೆರೆ. ಡಾಕ್ಟರು ಅದನ್ನು ನೋಡಿ ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋದರು. ಆ ಪ್ಲಾಸ್ಟಿಕ್ಕಿನೊಳಗೆ ಎಂತ ಉಂಟೆಂದು ನನಗೆ ಗೊತ್ತಿತ್ತು. ಸುತ್ತ ನಮ್ಮ ಅಧಿಕಾರಿಗಳು ನಿಂತಿದ್ದರು, ಫೋಟೋ ತೆಗೆಯುವವನೂ ಇದ್ದ. ನಾನು ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಒಂದು ಕ್ಷಣ ಸುಮ್ಮನಿದ್ದೆ ಕೂಡ, ಅದನ್ನು ಮುಚ್ಚಿಡುವುದಿಲ್ಲ.

ಆಮೇಲೆ 'ಡಾಕ್ಟ್ರೇ, ಅದು ಸುಳ್ಳು. ಬರೆದದ್ದು ನಾನೇ' ಎಂದೆ. ಡ್ರೆಸ್ಸಿಂಗ್ ಟ್ರೇಯಿಂದ ಕತ್ತರಿ ತೆಗೆದು ಕಾರ್ಡಿನ ಅಂಚನ್ನು ಕತ್ತರಿಸತೊಡಗಿದೆ.

ಖತೀಜಮ್ಮ ಹಾಕಿದ ಬೊಬ್ಬೆಗೆ ಸಭಾಂಗಣದಲ್ಲಿದ್ದವರೆಲ್ಲ ತಿರುಗಿದರು. 'ಕಾರ್ಡು ಕತ್ತರಿಸ್ತಾರೆ! ಲ್ಯಾಮಿನೇಶನ್ ಮಾಡಿಸಿದ್ದು! ನಿಲ್ಲಿಸಿ ಅವರನ್ನು!' ಫೋಟೋದವನು ಕೆಲಸ ಸಿಕ್ಕಿತೆಂದು ಓಡಿ ಬಂದ. ಪ್ಲಾಸ್ಟಿಕ್ಕು ಕಾಗದಕ್ಕೆ ಅಂಟಿತ್ತು, ನಾನು ಹಲ್ಲು ಕಚ್ಚಿ ಎಳೆದೆ, ಕಾರ್ಡಿನ ಒಂದು ಮೂಲೆ ಕಿತ್ತು ಬಂತು. ಆದರೆ ಒಳಗಿನ ಪುಟ ತೆರೆಯಿತು. ನೀಲಿ ಶಾಯಿಯಲ್ಲಿ ನನ್ನದೇ ಅಕ್ಷರ: ನೂರ ಅರವತ್ತು, ನೂರ ಹತ್ತು. ಮುಖ ಊತ. ತೀವ್ರ ತಲೆ ನೋವು. ತಕ್ಷಣ ಕಳಿಸಲಾಗಿದೆ.

'ಎರಡನೆಯದರಲ್ಲಿ ಶುಗರ್ ಇತ್ತು. ಆಮೇಲೆ ನೋಡಿಸಲೇ ಇಲ್ಲ. ಅದೂ ನನ್ನ ತಪ್ಪು' ಎಂದೆ.

ಡಾ. ಪ್ರಜ್ಞಾ ಪೆನ್ನು ಕೆಳಗಿಟ್ಟು ತಾವೇ ಎದ್ದು ಜೊಹರಾಳ ತೋಳಿಗೆ ಪಟ್ಟಿ ಕಟ್ಟಿದರು. ನೂರ ಎಂಬತ್ತರ ಮೇಲಿತ್ತು. ಬೆರಳ ತುದಿ ಚುಚ್ಚಿ ನೋಡಿದ ಶುಗರ್ ಮುನ್ನೂರರ ಹತ್ತಿರ. ಅಲ್ಲಿಯೇ ಇ.ಸಿ.ಜಿ. ತೆಗೆದರು, ಕಾಗದ ನೋಡುತ್ತಿದ್ದಂತೆ ಅವರ ಮುಖ ಬದಲಾಯಿತು. ಒಂದು ಮಾತ್ರೆ ಅಗಿಯಲು ಕೊಟ್ಟು, ಆಂಬುಲೆನ್ಸ್ ಹತ್ತಿಸಿ, ಉಡುಪಿಯ ಒಂದು ಆಸ್ಪತ್ರೆಗೆ ಕಳಿಸಿದರು. ನಾನೂ ಹತ್ತಿದೆ. ಖತೀಜಮ್ಮ ನನಗಿಂತ ಮೊದಲೇ ಹತ್ತಿ ಕಿಟಕಿ ಬದಿಯಲ್ಲಿ ಕುಳಿತಿದ್ದರು.

ಆಸ್ಪತ್ರೆಯ ಬಾಗಿಲಲ್ಲಿ ನಾನು ಒಳಗೆ ಹೇಳಿ ಬರುತ್ತೇನೆಂದು ಓಡಿದೆ. ತಿರುಗಿ ಬಂದು ನೋಡಿದರೆ, ರೋಗಿಗೆಂದು ಹೊರಗೆ ತಂದಿಟ್ಟ ಗಾಲಿಕುರ್ಚಿಯಲ್ಲಿ ಖತೀಜಮ್ಮ ಕಾಲು ನೀಡಿ ಕುಳಿತಿದ್ದಾರೆ, ತೊಡೆಯ ಮೇಲೆ ಬ್ಯಾಗು. ಕುರ್ಚಿಯನ್ನು ದೂಡುತ್ತಿರುವವಳು ಜೊಹರಾ.

ಮೂವತ್ತನಾಲ್ಕು ವರ್ಷದ ನೌಕರಿಯಲ್ಲಿ ನಾನು ಅಷ್ಟು ದೊಡ್ಡ ಸ್ವರ ತೆಗೆದದ್ದಿಲ್ಲ. 'ಏಳಿ! ಏಳಿ ಅಲ್ಲಿಂದ! ಹೃದಯ ನಿಲ್ಲುವುದರಲ್ಲಿ ಇರುವುದು ಅವಳದ್ದು!'

ಖತೀಜಮ್ಮ ತಿರುಗಿ ಸೊಸೆಯ ಮುಖ ನೋಡಿದರು. ಅದು ಬೂದಿಯಂತೆ ಬಿಳಿಚಿತ್ತು. ಅವರು ಏಳಲು ನನ್ನ ಸಹಾಯ ಕೇಳಲಿಲ್ಲ. ಧಡಕ್ಕನೆ ಎದ್ದು, ಜೊಹರಾಳನ್ನು ಭುಜ ಹಿಡಿದು ಕೂರಿಸಿ, ಬ್ಯಾಗನ್ನು ನನ್ನ ಮೇಲೆ ಎಸೆದು, ಗಾಲಿಕುರ್ಚಿಯನ್ನು ತಾವೇ ದೂಡಿಕೊಂಡು ಓಡಿದರು. ಎಪ್ಪತ್ತು ದಾಟಿದ ಹೆಂಗಸು. ಒಂದು ಕಂಬಕ್ಕೆ ಗುದ್ದಿದರು, ಒಬ್ಬ ವಾರ್ಡ್ ಬಾಯ್‌ನನ್ನು ಪಕ್ಕಕ್ಕೆ ಹಾರಿಸಿದರು, ತಪ್ಪು ಕೋಣೆಗೆ ಒಮ್ಮೆ ಹೊಕ್ಕು ಹೊರಗೆ ಬಂದರು. ಬಾಯಲ್ಲಿ ಮಾತ್ರ 'ಯಾ ಅಲ್ಲಾ, ಯಾ ಅಲ್ಲಾ' ಬಿಟ್ಟು ಬೇರೇನೂ ಇರಲಿಲ್ಲ.

ಹೃದಯದ ಒಂದು ರಕ್ತನಾಳ ಬಹುಮಟ್ಟಿಗೆ ಮುಚ್ಚಿಹೋಗಿತ್ತು. ಅದನ್ನು ತೆರೆದು ಸ್ಟೆಂಟ್ ಹಾಕಿದರು. ಇನ್ನಷ್ಟು ದಿನ ಸೋಡಾ ಕುಡಿದು ಕೂತಿದ್ದರೆ ಕಷ್ಟವಿತ್ತು ಎಂದರು ಅಲ್ಲಿನ ಡಾಕ್ಟರು. ನಾನು ಹೊರಗಿನ ಬೆಂಚಿನಲ್ಲಿ ಕುಳಿತು ಮಕ್ಕಳ ಹಾಗೆ ಅತ್ತೆ. ಖತೀಜಮ್ಮ ಪಕ್ಕದಲ್ಲಿ ಕುಳಿತು ಅತ್ತರು. ಇಬ್ಬರೂ ಒಂದೇ ಕರವಸ್ತ್ರ ಬಳಸಿದೆವು, ಅದು ಅವರದು, ಅದರ ತುಂಬ ಅತ್ತರಿನ ಪರಿಮಳ.

ಮೂರನೇ ದಿನ ಜೊಹರಾಳ ಎದುರು ನಿಂತು 'ನನ್ನನ್ನು ಕ್ಷಮಿಸು' ಎಂದೆ.

ಅವಳು ಹಾಸಿಗೆಯ ಅಂಚಿನಲ್ಲಿ ನನಗೆ ಕೂರಲು ಜಾಗ ಮಾಡಿದಳು. 'ನೀವು ನಾರ್ಮಲ್ ಬರೆದ್ರಿ, ನಾನು ಖುಷಿಪಟ್ಟೆ. ಇಷ್ಟು ವರ್ಷದಲ್ಲಿ ತಲೆನೋವು ಬರ್ತಾನೇ ಇತ್ತು, ನಾನೂ ಯಾರಿಗೂ ಹೇಳ್ಲಿಲ್ಲ. ತಪ್ಪನ್ನು ಅರ್ಧ ಅರ್ಧ ಮಾಡುವ ಸಿಸ್ಟರ್' ಎಂದಳು. ಅವಳ ಪಾಲು ಅಷ್ಟಿರಲಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಹೊಸ ಹುಡುಗಿಯರೇ, ನನ್ನಿಂದ ಕಲಿಯುವುದಿದ್ದರೆ ಇಷ್ಟು ಕಲಿಯಿರಿ. 'ಬಸುರಿನಲ್ಲಿ ತೊಂದರೆ ಇತ್ತಾ' ಎಂದು ಯಾರನ್ನೂ ಕೇಳಬೇಡಿ. ಅದಕ್ಕೆ ನಾರ್ಮಲ್ ಬಿಟ್ಟು ಬೇರೆ ಉತ್ತರ ಬರುವುದಿಲ್ಲ. ಬಿ.ಪಿ. ಮಾತ್ರೆ ಕೊಟ್ಟಿದ್ದರಾ, ಸಿಹಿ ಬಿಡಲು ಹೇಳಿದ್ದರಾ, ಮಗು ಎಷ್ಟನೇ ತಿಂಗಳಿಗೆ ಹುಟ್ಟಿತು, ಎಷ್ಟು ತೂಕ ಇತ್ತು ಎಂದು ಬಿಡಿ ಬಿಡಿಯಾಗಿ ಕೇಳಿ. ಉಳಿದ ಮೂರು ತಿಂಗಳು ನಾನು ಹಳೆಯ ಮನೆಗಳಿಗೆ ಹೋಗಿ ಹಾಗೆಯೇ ಕೇಳಿದೆ. ಬಾಣಂತನ ಮುಗಿದು ಹತ್ತಿಪ್ಪತ್ತು ವರ್ಷವಾದ ಮೇಲೆ ಸಿಸ್ಟರ್ ಬಂದದ್ದು ನೋಡಿ 'ಈಗ ಎಂತದ್ದು ಹಾಕ್ತೀರಿ?' ಎಂದು ಕೆಲವರು ಸೆರಗು ಬಿಗಿ ಹಿಡಿದರು. ಒಬ್ಬಳು 'ನನ್ನದು ಫುಲ್ ನಾರ್ಮಲ್ ಸಿಸ್ಟರ್, ಬರೀ ಫಿಟ್ಸ್ ಬಂದದ್ದು ಮಾತ್ರ' ಎಂದಳು. ಅವಳ ಬಿ.ಪಿ. ನೋಡಿ ಅಲ್ಲಿಂದಲೇ ಡಾ. ಪ್ರಜ್ಞಾಗೆ ಫೋನು ಮಾಡಿದೆ.

ನಿವೃತ್ತಳಾದ ಮೇಲೆ ಒಂದು ದಿನ ಜೊಹರಾಳನ್ನು ನೋಡಿ ಬರಲು ಕಾಪುವಿಗೆ ಹೋದೆ. ತೆಳ್ಳಗಾಗಿದ್ದಳು, ಬೆಳಿಗ್ಗೆ ಸಂಜೆ ನಡೆಯುತ್ತಾಳಂತೆ, ಮಾತ್ರೆ ಒಂದೂ ತಪ್ಪಿಸುವುದಿಲ್ಲವಂತೆ. ಗಂಡ ಬಿ.ಪಿ. ಯಂತ್ರ ಕಳಿಸಿದ್ದ, ಅದನ್ನು ತೋರಿಸಿದಳು. ಸಕ್ಕರೆಯಿಲ್ಲದ ಚಹಾ ಕೊಟ್ಟಳು. ಮಾತಿನ ನಡುವೆ 'ಸಿಸ್ಟರ್, ನಿಮ್ಮ ಹೆರಿಗೆ ಹೇಗಿತ್ತು?' ಎಂದು ಕೇಳಿದಳು.

'ನನ್ನದೆಂತ? ನಾರ್ಮಲ್.'

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಖತೀಜಮ್ಮ ಹೊಟ್ಟೆ ಹಿಡಿದು ನಕ್ಕರು. ಜೊಹರಾ ನಗಲಿಲ್ಲ.

'ಕಾಲು ಊದಿತ್ತಾ?'

'ಊದಿತ್ತು. ಏಳನೇ ತಿಂಗಳಿನಿಂದ ನಮ್ಮವರ ಚಪ್ಪಲಿ ಹಾಕಿಕೊಂಡು ಡ್ಯೂಟಿಗೆ ಹೋದದ್ದು.'

'ಬಿ.ಪಿ.?'

'ಸ್ವಲ್ಪ ಹೆಚ್ಚುಂಟು ಅಂದಿದ್ರು. ಮಾತ್ರೆ ಕೊಟ್ಟಿದ್ರು.'

'ಆಮೇಲೆ ಎಷ್ಟು ಸಲ ನೋಡಿಸಿದ್ರಿ?'

ಇಲ್ಲಿ ನಾನು ನಿಜ ಹೇಳಲೇಬೇಕು. ಯಂತ್ರ ಸರಿ ಉಂಟೋ ಎಂದು ನೋಡಲು ನನ್ನ ತೋಳಿಗೆ ಆಗಾಗ ಕಟ್ಟಿಕೊಂಡಿದ್ದೇನೆ. ಜಾಸ್ತಿ ತೋರಿಸಿದಾಗಲೆಲ್ಲ ಯಂತ್ರ ಕೆಟ್ಟಿದೆಯೆಂದು ರಿಪೇರಿಗೆ ಕಳಿಸಿದ್ದೇನೆ. ಎರಡು ಯಂತ್ರ ಕಳಿಸಿದ್ದೆ. ಎರಡನ್ನೂ ಏನೂ ತೊಂದರೆ ಇಲ್ಲವೆಂದು ವಾಪಸು ಕಳಿಸಿದರು. ರಿಪೇರಿಯವನು ದಡ್ಡ ಎಂದು ನಾನು ಊರಿಗೆಲ್ಲ ಹೇಳಿದ್ದೆ.

ಜೊಹರಾ ನನ್ನ ತೋಳಿಗೆ ಪಟ್ಟಿ ಕಟ್ಟಿ ಗುಂಡಿ ಒತ್ತಿದಳು. ನೂರ ಎಪ್ಪತ್ತನಾಲ್ಕು, ನೂರ ಎರಡು. 'ಈ ಯಂತ್ರ...' ಎಂದೆ. ಅವಳು ಅದೇ ಪಟ್ಟಿಯನ್ನು ಬಿಚ್ಚಿ ಅತ್ತೆಗೆ ಕಟ್ಟಿದಳು. ನೂರ ಹದಿನೆಂಟು. ಖತೀಜಮ್ಮನಿಗೆ ಮತ್ತೆ ಬೇಸರವಾಯಿತು.

'ನಾಳೆ ಬೆಳಿಗ್ಗೆ ಎಂಟು ಗಂಟೆಗೆ ಪ್ರಜ್ಞಾ ಡಾಕ್ಟರ ಹತ್ತಿರ ಬನ್ನಿ. ಖಾಲಿ ಹೊಟ್ಟೆಯಲ್ಲಿ' ಎಂದಳು ಜೊಹರಾ.

'ನಾಳೆ ಆಗೋದಿಲ್ಲ ಮಾರಾಯ್ತಿ. ಮನೆಗೆ ನೆಂಟರು ಬರ್ತಾರೆ. ಮುಂದಿನ ವಾರ ನೋಡುವ. ನನಗೆ ಎಂತದ್ದೂ ಆಗೋದಿಲ್ಲ, ಇದು ಬಸ್ಸಿನಲ್ಲಿ ಬಂದದ್ದರಿಂದ.'

'ನೆಂಟರನ್ನೂ ಕರ್ಕೊಂಡು ಬನ್ನಿ. ಅವರದ್ದೂ ನೋಡಿಸುವ.'

ನೆಂಟರು ಯಾರೂ ಬರುವವರಿರಲಿಲ್ಲ. ಕಲ್ಯಾಣಪುರಕ್ಕೆ ಮರಳುವ ಬಸ್ಸಿನಲ್ಲಿ ನನಗೆ ಹೆದರಿಕೆಯಾಯಿತು. ಇಷ್ಟು ವರ್ಷ ಎಷ್ಟೋ ಹೆಂಗಸರ ತೋಳಿಗೆ ಪಟ್ಟಿ ಕಟ್ಟಿ 'ಹೆದರ್ಬೇಡಿ' ಎಂದಿದ್ದೆ. ಆ ಹೆದರಿಕೆ ಹೇಗಿರುತ್ತದೆಂದು ನನಗೆ ತಿಳಿದೇ ಇರಲಿಲ್ಲ.

ಮರುದಿನ ಎಂಟಕ್ಕೆ ಐದು ನಿಮಿಷ ಇರುವಾಗ ಹೋದೆ. ಜೊಹರಾ ಮೊದಲೇ ಬಂದು ಬೆಂಚಿನಲ್ಲಿ ಜಾಗ ಹಿಡಿದಿದ್ದಳು. ನಮ್ಮ ಸರದಿ ಬಂತು. ಚೀಟಿ ಬರೆಯುವ ಹುಡುಗಿಗೆ ನನ್ನ ಪರಿಚಯ ಚೆನ್ನಾಗಿಯೇ ಇತ್ತು. 'ಓ, ಸಿಸ್ಟರ್! ರಿಟೈರ್ ಆದ್ಮೇಲೂ ಬಿಡ್ಲಿಲ್ವಾ? ಇವತ್ತು ಯಾರನ್ನು ಕರ್ಕೊಂಡು ಬಂದ್ರಿ?' ಎಂದು ಕೇಳಿದಳು.

'ನನ್ನನ್ನೇ' ಎಂದೆ.